ಪ್ರಮೇಯವನ್ನು ಸಾಫ್ಟ್‌ವೇರ್ ಹುಡುಕಿಕೊಟ್ಟರೆ?

ಸ್ಕ್ರೀನ್ ಮೇಲೆ ಈಗ ಒಂದು ತ್ರಿಭುಜ ಇದೆ. ಪಕ್ಕದಲ್ಲಿ ಸುಮ್ನೆ ಒಂದು ಬಿಂದು ಇಟ್ಟಿದ್ದೇನೆ, ಹೆಸರು ಪಿ. ಅಲ್ಲಿಂದ ಮೂರೂ ಬಾಹುಗಳಿಗೆ ಲಂಬ ಎಳೆದಿದ್ದೇನೆ. ಬಾಹು ಸಾಲದಿದ್ದ ಕಡೆ ಅದನ್ನು ಮುಂದಕ್ಕೆ ಬೆಳೆಸಿದ್ದೇನೆ. ಲಂಬಗಳು ಮುಟ್ಟಿದ ಮೂರು ಬಿಂದುಗಳನ್ನು ಸೇರಿಸಿದರೆ ಇನ್ನೊಂದು ಪುಟ್ಟ ತ್ರಿಭುಜ. ಈಗ ಪಿಯನ್ನು ಹಿಡಿದು ಎಳೆಯುತ್ತೇನೆ, ನೋಡಿ. ಪುಟ್ಟ ತ್ರಿಭುಜ ಹಿಗ್ಗುತ್ತದೆ, ಕುಗ್ಗುತ್ತದೆ. ಇಲ್ಲಿ ಚಪ್ಪಟೆಯಾಗಿ ಒಂದೇ ಗೆರೆ ಆಯಿತು! ಅಗೋ, ಅಲ್ಲೂ ಆಯಿತು. ಹಾಗಾದರೆ ಪಿ ಎಲ್ಲೆಲ್ಲಿ ಇದ್ದರೆ ಹೀಗಾಗುತ್ತದೆ?

ಜಿಯೋಜೀಬ್ರಾವನ್ನೇ ಕೇಳೋಣ. 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಶುರು ಮಾಡಿದ ಗಣಿತದ ಸಾಫ್ಟ್‌ವೇರ್ ಇದು. ಇದರಲ್ಲಿ ಲೋಕಸ್‌ಈಕ್ವೇಷನ್ ಅಂತ ಒಂದು ಕಮಾಂಡ್ ಇದೆ. ಈ ಮೂರು ಬಿಂದು ಒಂದೇ ಗೆರೆಯಲ್ಲಿ ಬರಬೇಕಾದರೆ ಪಿ ಎಲ್ಲಿರಬೇಕು ಅಂತ ಬರೆದು ಎಂಟರ್ ಒತ್ತಿದೆ. ಬಂತು ನೋಡಿ, ಒಂದು ವೃತ್ತ. ತ್ರಿಭುಜದ ಮೂರೂ ಶೃಂಗಗಳನ್ನು ಮುಟ್ಟಿಕೊಂಡೇ ಹೋಗುತ್ತಿದೆ. ಪರಿವೃತ್ತ!

ಪುಟ್ಟ ತ್ರಿಭುಜ ಚಪ್ಪಟೆಯಾದಾಗ ಸಿಗುವ ಗೆರೆಗೆ, ಗಣಿತಜ್ಞ ರಾಬರ್ಟ್ ಸಿಮ್ಸನ್ ಹೆಸರಲ್ಲಿ, ಸಿಮ್ಸನ್ ರೇಖೆ ಅಂತಾರೆ. ಅದನ್ನು ಪ್ರಕಟಿಸಿದ್ದು ಮಾತ್ರ ಇನ್ನೊಬ್ಬ ಗಣಿತಜ್ಞ ವಿಲಿಯಂ ವಾಲೇಸ್, 1799ರಲ್ಲಿ. ಪಾಪ, ಅಲ್ವಾ?

ನನಗೆ ಇಷ್ಟವಾಗುವುದು ಕೇಳುವ ದಿಕ್ಕು. ಇದು ನಿಜವಾ ಅಂತ ನಾನು ಕೇಳಲಿಲ್ಲ. ಇದು ಯಾವಾಗ ನಿಜ ಅಂತ ಕೇಳಿದೆ. ಪ್ರಮೇಯದ ಅರ್ಧ ನಾನು ಕೊಟ್ಟೆ, ಉಳಿದರ್ಧ ಅದು ಹುಡುಕಿತು.

ಇದು ಚಿತ್ರ ಅಳೆದು ಹೇಳುವ ಮಾತಲ್ಲ. ಬಿಂದುಗಳಿಗೆ ಎಕ್ಸ್, ವೈ ಹಚ್ಚಿ, ಲಂಬ ಅನ್ನುವುದನ್ನೂ ಒಂದೇ ಗೆರೆ ಅನ್ನುವುದನ್ನೂ ಬಹುಪದ ಸಮೀಕರಣ ಮಾಡುತ್ತದೆ. ಆಮೇಲೆ ಬೇಡದ ಚರಾಕ್ಷರಗಳನ್ನು ಒಂದೊಂದಾಗಿ ತೆಗೆದುಹಾಕುತ್ತದೆ. ಕೊನೆಗೆ ಉಳಿಯುವುದು ಪಿಯ ಎಕ್ಸ್, ವೈ ಇರುವ ಸಮೀಕರಣ. ಹೀಗೆ ತೆಗೆದುಹಾಕಲು ಬೇಕಾದ ಗ್ರೋಬ್ನರ್ ಬೇಸಿಸ್ ಲೆಕ್ಕವನ್ನು ಗಣಿತಜ್ಞ ಬ್ರೂನೋ ಬುಕ್‌ಬರ್ಗರ್ 1965ರಲ್ಲೇ ಕೊಟ್ಟಿದ್ದರು. ಚಿತ್ರ ದೊಡ್ಡದಾದಷ್ಟೂ ಸಮೀಕರಣ ಬೆಳೆಯುತ್ತದೆ. ಆಗ ಉತ್ತರ ಬರದೆಯೂ ಇರಬಹುದು.

ಇನ್ನೂ ಸೋಮಾರಿತನ ಬೇಕಾದರೆ ಜಿಯೋಜೀಬ್ರಾ ಡಿಸ್ಕವರಿ ಇದೆ. ಜೋಲ್ತಾನ್ ಕೋವಾಚ್ ಮತ್ತು ಜೊತೆಗಾರರ ಪ್ರಯೋಗದ ಆವೃತ್ತಿ. ಇಲ್ಲಿ ಪ್ರಶ್ನೆಯೇ ಬೇಡ. ಒಂದು ಬಿಂದು ಆರಿಸಿ ಡಿಸ್ಕವರ್ ಅಂದರೆ ಸಾಕು. ಯಾವ ಬಿಂದುಗಳು ಒಂದೇ ಗೆರೆಯಲ್ಲಿವೆ, ಯಾವುವು ಒಂದೇ ವೃತ್ತದ ಮೇಲಿವೆ, ಯಾವ ಗೆರೆಗಳು ಸಮಾಂತರ ಅಂತ ತಾನೇ ತಡಕುತ್ತದೆ. ಮೊದಲು ಅಂಕಿಗಳ ಜರಡಿ, ಅಂದರೆ ಅಂಕಿ ಹಾಕಿ ಲೆಕ್ಕ ಮಾಡಿ ಹೊಂದದ್ದನ್ನು ಬಿಡುವುದು. ಅದರಲ್ಲಿ ಉಳಿದವನ್ನು ಬೀಜಗಣಿತದಲ್ಲಿ ಸಾಧಿಸಿ ನೋಡುತ್ತದೆ. ಬಾಹುಗಳ ಮಧ್ಯಬಿಂದು ಮೂರು, ಶೃಂಗಗಳಿಂದ ಎದುರು ಬಾಹುಗಳಿಗೆ ಎಳೆದ ಲಂಬಗಳ ಪಾದ ಮೂರು, ಈ ಆರೂ ಒಂದೇ ವೃತ್ತದ ಮೇಲಿವೆ ಅನ್ನುವಂಥದ್ದು ಹೀಗೆ ಕೈಗೆ ಸಿಗುತ್ತದೆ. ಜೊತೆಗೆ, ಮಧ್ಯಬಿಂದುವಿನಿಂದ ಎರಡೂ ತುದಿ ಒಂದೇ ದೂರ ಅನ್ನುವಂಥದ್ದೂ ಬರುತ್ತದೆ! ನಿಜವೇ, ಆದರೆ ಯಾರಿಗೆ ಬೇಕು? ಯಾವುದು ಚೆಂದ ಅಂತ ಅದಕ್ಕೆ ಗೊತ್ತಿಲ್ಲ. ನಿಜ ಅಂತ ಹೇಳುತ್ತದೆ, ಯಾಕೆ ಅಂತ ನಮಗೆ ಓದಲು ಬರುವಂತೆ ಹೇಳುವುದಿಲ್ಲ. ನನಗೆ ಇದರ ಮೇಲಿರುವ ದೊಡ್ಡ ತಕರಾರು ಅದೇ.

ಈಗ ಪಿ ಹತ್ತಿರ ವಾಪಸ್. ಪುಟ್ಟ ತ್ರಿಭುಜ ಚಪ್ಪಟೆ ಆಗುವುದು ಬೇಡ, ಅದರ ವಿಸ್ತೀರ್ಣ ದೊಡ್ಡದರ ಎಂಟನೇ ಒಂದು ಭಾಗ ಇರಲಿ. ಆಗ ಪಿಗೆ ಎರಡು ವೃತ್ತಗಳ ಮೇಲೆ ಜಾಗ ಸಿಗುತ್ತದೆ. ಒಂದು ಪರಿವೃತ್ತದ ಒಳಗೆ, ಇನ್ನೊಂದು ಹೊರಗೆ, ಕೇಂದ್ರ ಮಾತ್ರ ಒಂದೇ. ಎಂಟನೇ ಒಂದರ ಬದಲು ಅರ್ಧ ಅಂತ ಕೇಳಿ, ಒಳಗಿನದು ಮಾಯವಾಗುತ್ತದೆ. ಯಾಕೆ ಅನ್ನುವುದನ್ನು ಪೆನ್ನು, ಪೇಪರ್ ಹಿಡಿದು ನೀವೇ ಹುಡುಕಿ.