ಲೆಕ್ಕದೊಳಗೆ ಆಕಸ್ಮಿಕ ಇದೆಯೇ, ಅರಿವು ಇದೆಯೇ?

ಕೇಳುಗರಿಗೆ ನಮಸ್ಕಾರ. ಕಾಗದ, ಪೆನ್ನು ಹತ್ತಿರ ಇದ್ದರೆ ತೆಗೆದುಕೊಳ್ಳಿ. ಒಂದು ಸಣ್ಣ ಲೆಕ್ಕ ಮಾಡೋಣ.

1234 ಅಂತ ಬರೆಯಿರಿ. ಅದನ್ನು ಅದರಿಂದಲೇ ಗುಣಿಸಿದರೆ 15,22,756 ಬರುತ್ತದೆ. ಎಡಕ್ಕೆ ಒಂದು ಸೊನ್ನೆ ಸೇರಿಸಿ ಎಂಟು ಅಂಕಿ ಮಾಡಿಕೊಳ್ಳಿ. ನಡುವಿನ ನಾಲ್ಕು ಅಂಕಿ ಆರಿಸಿ, 5227. ಇದಕ್ಕೂ ಹಾಗೇ ಮಾಡಿದರೆ 3215. ಆಮೇಲೆ 3362. ಯಾರೋ ಬಾಯಿಗೆ ಬಂದ ಸಂಖ್ಯೆ ಹೇಳುತ್ತಿರುವಂತಿದೆ, ಅಲ್ವಾ? ಕಂಪ್ಯೂಟರಿನಲ್ಲಿ ಹೀಗೆ ಆಕಸ್ಮಿಕವಾಗಿ ಕಾಣುವ ಸಂಖ್ಯೆಗಳನ್ನು ಹುಟ್ಟಿಸಲು 1940ರ ದಶಕದಲ್ಲಿ ಗಣಿತಜ್ಞ ಜಾನ್ ವಾನ್ ನಾಯ್ಮನ್ ಹೂಡಿದ ಉಪಾಯ ಇದು.

ಈಗ 6100ರಿಂದ ಶುರು ಮಾಡಿ. 2100, 4100, 8100, ಮತ್ತೆ 6100. ಗಾಣದ ಎತ್ತಿನ ಹಾಗೆ ಅಲ್ಲೇ ಸುತ್ತು! ನಾಲ್ಕಂಕಿಯಲ್ಲಿ ಬರೆಯಬಹುದಾದದ್ದು ಒಟ್ಟು 10,000 ಸಂಖ್ಯೆ. ಯಾವುದರ ನಂತರ ಯಾವುದು ಅನ್ನುವುದು ಮೊದಲೇ ತೀರ್ಮಾನವಾಗಿದೆ. ಹಾಗಿರುವಾಗ ಎಲ್ಲಿಂದ ಹೊರಟರೂ ಒಂದಲ್ಲ ಒಂದು ಕಡೆ ಹಳೆಯದು ತಿರುಗಿ ಬರಲೇಬೇಕು. ಇಂದಿನ ವಿಧಾನಗಳಲ್ಲಿ ಈ ಸುತ್ತು ಎಷ್ಟು ದೊಡ್ಡದೆಂದರೆ ನಮ್ಮ ಆಯಸ್ಸಿನಲ್ಲಿ ಮುಗಿಯುವಂಥದ್ದಲ್ಲ. ಆದರೂ ಮೊದಲ ಸಂಖ್ಯೆ ಗೊತ್ತಿದ್ದವರಿಗೆ ಅಲ್ಲಿ ಆಕಸ್ಮಿಕ ಏನೂ ಇಲ್ಲ. ಗೊತ್ತಿಲ್ಲದವರಿಗಷ್ಟೇ ಇದೆ.

ಕಂಪ್ಯೂಟರ್ ವಿಜ್ಞಾನಕ್ಕೆ ಬುನಾದಿ ಹಾಕಿದ ಗಣಿತಜ್ಞ ಅಲನ್ ಟ್ಯೂರಿಂಗ್ ಇದನ್ನು ಚೆನ್ನಾಗಿ ಬಲ್ಲವರು. 1951ರಲ್ಲಿ ಮ್ಯಾಂಚೆಸ್ಟರಿಗೆ ಬಂದ ಫೆರಾಂಟಿ ಮಾರ್ಕ್ 1 ಎಂಬ ಕಂಪ್ಯೂಟರಿನಲ್ಲಿ, ಅವರ ಸಲಹೆಯಂತೆ, ವಿದ್ಯುತ್ತಿನ ಗದ್ದಲದಿಂದ, ಅಂದರೆ ಅದರ ಅಂಕೆಯಿಲ್ಲದ ಏರಿಳಿತದಿಂದ, ಸಂಖ್ಯೆ ಹೆಕ್ಕುವ ವ್ಯವಸ್ಥೆ ಇತ್ತು. ಲೆಕ್ಕದಲ್ಲಿ ಸಿಗದ್ದನ್ನು ಲೆಕ್ಕದ ಹೊರಗಿಂದ ತಂದರು.

ಅರಿವಿನ ವಿಷಯಕ್ಕೆ ಬರೋಣ. ಯಂತ್ರ ನಮ್ಮಂತೆಯೇ ಮಾತಾಡಿದರೆ ಅದಕ್ಕೆ ಅರಿವಿದೆ ಅಂದುಬಿಡೋಣ ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಆಕಸ್ಮಿಕದ ಹಾಗೆ ಕಂಡರೆ ಎಷ್ಟೋ ಕೆಲಸಕ್ಕೆ ಸಾಕು. ಹಲ್ಲುನೋವು ಹಾಗಲ್ಲ. ಪಕ್ಕದವರಿಗೆ ಕಾಣದಿದ್ದರೂ ನೋವು ಇರುತ್ತದೆ. ಎಷ್ಟು ಚೆನ್ನಾಗಿ ನಟಿಸಿದರೂ ಇಲ್ಲದ ನೋವು ಬರುವುದಿಲ್ಲ.

ಹಾಗಂತ, ಎಲ್ಲವೂ ಮೊದಲೇ ತೀರ್ಮಾನವಾಗಿರುವ ಯಂತ್ರಕ್ಕೆ ಅರಿವೇ ಇರಲಾರದು ಎನ್ನುವ ವಾದವೂ ನಿಲ್ಲುವುದಿಲ್ಲ. ನನ್ನ ಮಿದುಳಿನಲ್ಲಿ ಮುಂದೇನಾಗುತ್ತದೆ ಅಂತ ಯಾರಾದರೂ ಪೂರ್ತಿ ಲೆಕ್ಕ ಹಾಕಿ ಹೇಳಿದರು ಅನ್ನಿ. ಅಷ್ಟಕ್ಕೇ ನನ್ನ ಹಲ್ಲುನೋವು ಹೋಗುತ್ತದಾ? ಆಕಸ್ಮಿಕ ಮಾತ್ರ, ಲೆಕ್ಕ ಗೊತ್ತಾದ ಕೂಡಲೇ ಇಲ್ಲವಾಗುತ್ತದೆ. ಇವೆರಡನ್ನೂ ಒಂದೇ ಗಂಟಿಗೆ ಕಟ್ಟುವುದು ತಪ್ಪು ಅನ್ನುವುದು ಇದಕ್ಕೇ.

ಯಂತ್ರವೊಂದು ‘ನನಗೆ ನೋವಾಗುತ್ತಿದೆ’ ಎಂದರೆ ಆ ಮಾತನ್ನೇ ಸಾಕ್ಷಿ ಅಂತ ಹಿಡಿಯಬೇಡಿ. ಬರೀ ಲೆಕ್ಕ ಅಂತ ಸುಮ್ನೆ ತಳ್ಳಿಯೂ ಹಾಕಬೇಡಿ. ಮನುಷ್ಯರು ಬರೆದದ್ದರಿಂದ ಕಲಿತ ಮಾತೋ, ತನ್ನೊಳಗಿನ ಸ್ಥಿತಿಯಿಂದ ಹುಟ್ಟಿದ ಮಾತೋ? ಒಳಗೆ ಇಣುಕಿಯೇ ಹುಡುಕಬೇಕು. ಮಿದುಳಿಗಿಂತ ಯಂತ್ರದಲ್ಲಿ ಇದಕ್ಕೆ ಅನುಕೂಲ ಜಾಸ್ತಿ. ಬೇಕಾದಲ್ಲಿ ನಿಲ್ಲಿಸಬಹುದು. ಒಳಗಿನ ಒಂದು ಭಾಗ ಬದಲಿಸಿ, ಮಾತೂ ಬದಲಾಗುತ್ತದಾ ಅಂತ ನೋಡಬಹುದು. ಅಂಥ ಪ್ರಯೋಗಗಳು ಈಗಾಗಲೇ ನಡೆಯುತ್ತಿವೆ.