ಕೆಂಪು ಶಾಯಿಯಲ್ಲಿ ಒಂದು ಪ್ರಶ್ನೆ

ಅಧ್ಯಕ್ಷರೇ, ಸಂಘದ ಪದಾಧಿಕಾರಿಗಳೇ, ಬಹುಮಾನಕ್ಕಾಗಿ ಕಾದಿರುವ ವಿದ್ಯಾರ್ಥಿಗಳೇ, ಹಳಿ ದುರಸ್ತಿಗೆಂದು ಲೋಕಲ್ ರೈಲುಗಳನ್ನು ಕಡಿತಗೊಳಿಸುವ ಭಾನುವಾರದ ಮೆಗಾಬ್ಲಾಕಿನ ನಡುವೆಯೂ ಡೊಂಬಿವಿಲಿಯಿಂದ, ವಸಾಯಿಯಿಂದ ಅವರನ್ನು ಮಾಟುಂಗಕ್ಕೆ ಕರೆತಂದಿರುವ ತಾಯಿತಂದೆಯರೇ,

ಈ ವರ್ಷದ ಪ್ರಬಂಧ ಸ್ಪರ್ಧೆಗೆ ಮೂರು ವಿಷಯಗಳಿದ್ದವು: ನಾನು ಓದಿ ಮೆಚ್ಚಿದ ಕೃತಿ, ನನ್ನ ಶಾಲೆ, ನಾನು ಬೆಳೆದ ಬಗೆ. ತೀರ್ಪುಗಾರನಾದವನು ವೇದಿಕೆ ಹತ್ತಿ, ಗೆದ್ದವರನ್ನು ಹೊಗಳಿ, ಉಳಿದವರಿಗೆ ಧೈರ್ಯ ಹೇಳಿ ಇಳಿಯುವುದು ವಾಡಿಕೆ. ಆದರೆ ನಾನು ಇಂದು ಮಕ್ಕಳಿಗಿಂತ ಹೆಚ್ಚಾಗಿ ಅವರ ಬರಹವನ್ನು ಓದುವವರನ್ನು, ಅಂದರೆ ಶಿಕ್ಷಕರನ್ನು, ಪರೀಕ್ಷಕರನ್ನು ಮತ್ತು ಪೋಷಕರನ್ನು ಉದ್ದೇಶಿಸಿ ಮಾತನಾಡಬೇಕೆಂದು ಬಂದಿದ್ದೇನೆ. ನಾವು ಓದುವ ರೀತಿ ಬದಲಾಗದೆ ಮಕ್ಕಳು ಬರೆಯುವ ರೀತಿ ಬದಲಾಗುವುದಿಲ್ಲ ಎಂಬುದು ಈ ಮುಂಬಯಿ ನಗರದ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಪಾಠ ಹೇಳುತ್ತ ನನ್ನಲ್ಲಿ ಗಟ್ಟಿಯಾದ ನಂಬಿಕೆ.

2005ರ ಜುಲೈ 26ನೆಯ ತಾರೀಖು ಈ ಸಭೆಯಲ್ಲಿರುವ ಹಿರಿಯರಾರಿಗೂ ಮರೆತಿರಲಾರದು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದು, ಮಿಠಿ ನದಿ ಉಕ್ಕಿ, ಕುರ್ಲಾ, ಕಲೀನಾ ಮುಳುಗಿದ್ದವು. ಅದಾಗಿ ಕೆಲವು ತಿಂಗಳ ನಂತರ ಒಂಬತ್ತನೆಯ ತರಗತಿಯ ಪರೀಕ್ಷೆಯಲ್ಲಿ ‘ಮಳೆಗಾಲದ ಒಂದು ದಿನ’ ಎಂಬ ಪ್ರಬಂಧ ಬಂತು. ಮಿಠಿಯ ದಂಡೆಯ ಗುಡಿಸಲು ಸಾಲಿನಲ್ಲಿ ಬೆಳೆಯುತ್ತಿದ್ದ ಒಬ್ಬ ಹುಡುಗನ ಉತ್ತರಪತ್ರಿಕೆ ನನ್ನ ಕೈಗೆ ಬಂದಾಗ ನಾನು ಬಹಳ ನಿರೀಕ್ಷೆಯಿಂದ ಪುಟ ತೆರೆದೆ. ಅದರಲ್ಲಿ ರೈತನ ಮೊಗದಲ್ಲಿ ಮಂದಹಾಸವಿತ್ತು, ಭೂತಾಯಿ ಹಸಿರುಸೀರೆ ಉಟ್ಟಿದ್ದಳು, ನವಿಲು ಗರಿಬಿಚ್ಚಿ ಕುಣಿದಿತ್ತು. ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಪಕ್ಕದ ಬೆಂಚಿನ ಹುಡುಗಿಯ ಪ್ರಬಂಧದಲ್ಲಿಯೂ ಅದೇ ರೈತ, ಅದೇ ಸೀರೆ, ಅದೇ ನವಿಲು. ಆ ವರ್ಷ ಅಷ್ಟೊಂದು ನವಿಲುಗಳು ಮುಂಬಯಿಯಲ್ಲಿ ಕುಣಿದಿದ್ದರೆ ನಾವೆಲ್ಲ ನೋಡಲು ಹೋಗುತ್ತಿದ್ದೆವು.

ಅವನಿಗೆ ಕೊಡಬೇಕಾದ ಅಂಕವನ್ನು ಕೊಟ್ಟೆ. ಆದರೆ ಅಂಚಿನಲ್ಲಿ ಕೆಂಪು ಶಾಯಿಯಿಂದ ಒಂದು ಪ್ರಶ್ನೆಯನ್ನೂ ಬರೆದೆ: ‘ಆ ದಿನ ನಿಮ್ಮ ಮನೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು?’ ಉತ್ತರಪತ್ರಿಕೆ ಹಿಂತಿರುಗಿಸಿದ ಮರುದಿನ ಹುಡುಗ ಸ್ಟಾಫ್‌ ರೂಮಿನ ಬಾಗಿಲಲ್ಲಿ ನಿಂತು, “ಸರ್, ಇದಕ್ಕೂ ಉತ್ತರ ಬರೆಯಬೇಕಾ?” ಎಂದು ಕೇಳಿದ. “ಬರಿ” ಎಂದೆ. ಅವನು ತಂದುಕೊಟ್ಟ ಹಾಳೆಗಳಲ್ಲಿ, ಖೋಲಿಯ ಮಾಳಾಕ್ಕೆ, ಅಂದರೆ ಕೋಣೆಯ ಅಟ್ಟಕ್ಕೆ, ಹತ್ತುವ ಏಣಿಯ ಮೆಟ್ಟಿಲುಗಳನ್ನು ನೀರು ಒಂದೊಂದಾಗಿ ನುಂಗುವುದನ್ನು ತಂಗಿಯೊಡನೆ ಕುಳಿತು ಎಣಿಸಿದ್ದು ಇತ್ತು. ಅವನ ತಾಯಿ ರೇಷನ್ ಕಾರ್ಡನ್ನೂ ಮಕ್ಕಳ ಶಾಲೆಯ ದಾಖಲೆಗಳನ್ನೂ ಪ್ರೆಶರ್ ಕುಕ್ಕರಿನಲ್ಲಿಟ್ಟು ಮುಚ್ಚಳ ಬಿಗಿದು, ಅದನ್ನು ಮಡಿಲಲ್ಲಿಟ್ಟುಕೊಂಡು ಬೆಳಗಿನವರೆಗೆ ಕುಳಿತಿದ್ದಳು. ಕಲಬುರಗಿಯ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಆ ತಂದೆ ಮರುದಿನ ಸಂಜೆ, ಸೊಂಟದ ಮಟ್ಟದ ನೀರಿನಲ್ಲಿ ನಡೆದು ಮನೆ ಮುಟ್ಟಿದಾಗ ಮೊದಲು ಕೇಳಿದ್ದು ಕಾಗದಪತ್ರಗಳನ್ನು. ಅದನ್ನು ಕೇಳಿ ತಾಯಿ ಸಿಟ್ಟಾದಳೋ ನಕ್ಕಳೋ ತನಗೆ ತಿಳಿಯಲಿಲ್ಲ ಎಂದು ಹುಡುಗ ಬರೆದಿದ್ದ. ಹದಿನಾಲ್ಕರ ಹುಡುಗ ತನ್ನ ತಾಯಿಯ ಮುಖವನ್ನು ಹಾಗೆ ಗಮನಿಸಿ, ಅದರ ಅರ್ಥ ತನಗೆ ಪೂರ್ತಿ ದಕ್ಕಲಿಲ್ಲ ಎಂದು ಬರೆಯುವುದಕ್ಕಿಂತ ಮಿಗಿಲಾದ ‘ನಾನು ಬೆಳೆದ ಬಗೆ’ ಯಾವುದಿದೆ? ಕಾಗುಣಿತದ ತಪ್ಪುಗಳು ಆ ಹಾಳೆಗಳ ತುಂಬ ಇದ್ದವು. ಅವನ್ನು ಆಮೇಲೆ ಇಬ್ಬರೂ ಕುಳಿತು ತಿದ್ದಿದೆವು.

ನವಿಲನ್ನು ಆ ಹುಡುಗ ಎಲ್ಲಿಂದ ತಂದ? ಗೈಡಿನಿಂದ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ನವಿಲಿಗೆ ಅಂಕ ಕೊಟ್ಟವರು ನಾವು. ಏಣಿಯ ಮೆಟ್ಟಿಲಿಗೂ ಅಂಕ ಸಿಗುತ್ತದೆ ಎಂದು ಅವನಿಗೆ ಯಾರೂ ತಿಳಿಸಿರಲಿಲ್ಲ.

ಕನ್ನಡದಲ್ಲಿ ಪ್ರಬಂಧ ಎಂಬ ಪ್ರಕಾರ ಹೇಗೆ ಬೆಳೆಯಿತೆಂದು ಸ್ವಲ್ಪ ನೆನಪಿಸಿಕೊಳ್ಳೋಣ. ಗೊರೂರರ ‘ಹಳ್ಳಿಯ ಚಿತ್ರಗಳು’ 1930ರಲ್ಲಿ, ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ 1933ರಲ್ಲಿ, ಮೂರ್ತಿರಾಯರ ‘ಹಗಲುಗನಸುಗಳು’ 1937ರಲ್ಲಿ ಬಂದವು. ಒಂದೇ ದಶಕದಲ್ಲಿ ಬಂದ ಈ ಬರಹಗಳು ಇಂದಿಗೂ ಓದಿಸಿಕೊಳ್ಳುವುದಕ್ಕೆ ಕಾರಣ, ಗೊರೂರರು ಹೇಮಾವತಿಯ ದಡದ ತಮ್ಮ ಜನರನ್ನು, ಕುವೆಂಪು ತಮ್ಮ ಕಾಡನ್ನು ಕಣ್ಣಾರೆ ಕಂಡು ಬರೆದದ್ದು. ಅವರ ಹಳ್ಳಿಯನ್ನೂ ಕಾಡನ್ನೂ ಪಾಠವಾಗಿ ಓದಿಸಿದ ನಾವು, ಕಂಡದ್ದನ್ನು ಬರೆಯುವ ಅವರ ಧೈರ್ಯವನ್ನು ಮಾತ್ರ ಪಾಠ ಮಾಡಲಿಲ್ಲ. ಆದ್ದರಿಂದ ಧಾರಾವಿಯ ಮಗು ಗೊರೂರರ ಹಳ್ಳಿಯನ್ನು ನಕಲು ಮಾಡುತ್ತದೆ, ತನ್ನ ಗಲ್ಲಿಯನ್ನು ಬರೆಯುವುದಿಲ್ಲ. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿ ಈ ನಗರದಲ್ಲಿ ಬಾಳಿದ ಯಶವಂತ ಚಿತ್ತಾಲರು ತಮ್ಮ ಊರನ್ನು ಬರೆದಷ್ಟೇ ತೀವ್ರವಾಗಿ ಮುಂಬಯಿಯನ್ನೂ ಬರೆದರು. 1979ರ ‘ಶಿಕಾರಿ’ ಇಲ್ಲಿಯದೇ ಕಾದಂಬರಿ. ಕನ್ನಡಕ್ಕೆ ಮುಂಬಯಿ ಹೊರಗಿನ ಊರು ಎಂಬ ಅಳುಕು ನಮ್ಮ ಮಕ್ಕಳಿಗೆ ಏಕಿರಬೇಕು?

ಸಾಹಿತ್ಯ ಕೃತಿಯ ಕುರಿತು ಬರೆಯುವಾಗಲೂ ಇದೇ ಮಾತು. ಈ ಸಲ ಬಂದ ಪ್ರಬಂಧಗಳಲ್ಲಿ ಬಹುಪಾಲು ಕವಿಯ ಜನನ, ಬಿರುದು, ಪ್ರಶಸ್ತಿಗಳಿಂದ ತೊಡಗಿ, ‘ಈ ಕೃತಿಯಿಂದ ನಾವು ಕಲಿಯಬೇಕಾದ ನೀತಿ’ಯಲ್ಲಿ ಮುಗಿಯುತ್ತವೆ. ನಡುವೆ ಮಗು ಆ ಪದ್ಯವನ್ನು ಓದಿದ ಗುರುತೇ ಇಲ್ಲ. ನಾನು ರಾತ್ರಿ ಶಾಲೆಯಲ್ಲಿ ಕಲಿಸುತ್ತಿದ್ದಾಗ, ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ತರಗತಿಗೆ ಬರುತ್ತಿದ್ದ ಒಬ್ಬ ತರುಣನಿದ್ದ. ಪಂಜೆ ಮಂಗೇಶರಾಯರ ‘ತೆಂಕಣ ಗಾಳಿಯಾಟ’ವನ್ನು ಓದಿಸಿದೆ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆಯವರು ಸ್ವತಃ ಶಿಕ್ಷಕರೂ ಶಾಲಾ ಇನ್ಸ್‌ಪೆಕ್ಟರರೂ ಆಗಿದ್ದವರು, ಮಕ್ಕಳ ಕಿವಿಯನ್ನು ಬಲ್ಲವರು. ಗಾಳಿಯ ಆರ್ಭಟ ಅರ್ಥಕ್ಕಿಂತ ಮೊದಲು ಲಯದಲ್ಲಿಯೇ ಕೇಳಿಸುವ ಪದ್ಯವದು. “ಇಂಥ ಗಾಳಿಯನ್ನು ನೀನು ಎಲ್ಲಿ ಕೇಳಿದ್ದೀ?” ಎಂಬುದೊಂದೇ ನನ್ನ ಪ್ರಶ್ನೆಯಾಗಿತ್ತು. ನಿಲ್ಲದೆ ಹೋಗುವ ಫಾಸ್ಟ್ ಲೋಕಲ್ ಬರುವ ಮುನ್ನ ಹಳಿಯಲ್ಲಿ ಸದ್ದು ಹುಟ್ಟುತ್ತದೆ, ಅದು ಹತ್ತಿರವಾದಂತೆ ಬೆಳೆಯುತ್ತದೆ, ಆಮೇಲೆ ಒಮ್ಮೆಗೇ ಗಾಳಿ ಮೈಮೇಲೆ ಬೀಳುತ್ತದೆ. ಪದ್ಯದಲ್ಲೂ ಗಾಳಿ ಮೊದಲು ದೂರದಲ್ಲಿ ಕೇಳಿಸಿ ಆಮೇಲೆ ನಮ್ಮ ಮೇಲೆಯೇ ಬರುತ್ತದೆ ಎಂದು ಅವನು ಬರೆದ. ಪದ್ಯದ ರಚನೆಯನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದ ವಿಮರ್ಶೆಯನ್ನು ನಾನು ಹೆಚ್ಚು ಓದಿಲ್ಲ.

ಅಧ್ಯಕ್ಷರು ಗಡಿಯಾರದ ಕಡೆ ನೋಡುತ್ತಿರುವುದನ್ನು ಗಮನಿಸಿದ್ದೇನೆ. ಮಕ್ಕಳ ಭಾಷೆಯ ವಿಷಯವಾಗಿ ವಿಸ್ತಾರವಾಗಿ ಹೇಳಬೇಕೆಂದಿದ್ದೆ, ಈಗ ಚುಟುಕಾಗಿ ಹೇಳುತ್ತೇನೆ. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ ಮತ್ತು ಹಿಂದಿ, ತರಗತಿಯಲ್ಲಿ ಕನ್ನಡ ಆಡುವ ಮಗು ‘ಖೋಲಿ’ ಎಂದು ಬರೆದರೆ ಅದನ್ನು ‘ಕೊಠಡಿ’ ಎಂದು ತಿದ್ದುವ ಮೊದಲು ದಯವಿಟ್ಟು ಆ ವಾಕ್ಯವನ್ನು ಇನ್ನೊಮ್ಮೆ ಓದಿ. ಪೋಷಕರಲ್ಲಿ ಒಂದು ಬಿನ್ನಹ: ಬಹುಮಾನ ಬರಲೆಂದು ನೀವು ಬರೆದುಕೊಡಬೇಡಿ. ಮೊಬೈಲಿನಲ್ಲಿ ಕೇಳಿದೊಡನೆ ಪ್ರಬಂಧ ಸಿದ್ಧವಾಗಿ ಸಿಗುವ ಈ ದಿನಗಳಲ್ಲಿ ಮಗುವಿನ ಪಕ್ಕದಲ್ಲಿ ಕುಳಿತು, ‘ಆಮೇಲೆ ಏನಾಯಿತು? ಆಗ ನಿನಗೆ ಏನನ್ನಿಸಿತು?’ ಎಂದು ಕೇಳುವ ಕೆಲಸ ಮನೆಯವರದೇ.

ಸಂಘಕ್ಕೂ ಒಂದು ಸಲಹೆ ಇದೆ. ಮುಂದಿನ ವರ್ಷದಿಂದ ಪ್ರಬಂಧಗಳನ್ನು ಎರಡು ಸುತ್ತಿನಲ್ಲಿ ಬರೆಸೋಣ. ಮೊದಲ ಸುತ್ತಿನ ಬರಹವನ್ನು ಓದಿ, ಪ್ರತಿ ಮಗುವಿಗೂ ಅಂಚಿನಲ್ಲಿ ಪ್ರಶ್ನೆ ಬರೆದು ಹಿಂತಿರುಗಿಸೋಣ. ಅದಕ್ಕೆ ಉತ್ತರವಾಗಿ ಬರುವ ಎರಡನೆಯ ಬರಹಕ್ಕೆ ಬಹುಮಾನ ಕೊಡೋಣ. ಓದುವವರು ಹೆಚ್ಚು ಜನ ಬೇಕಾಗುತ್ತದೆ. ಈ ಸಭೆಯಲ್ಲಿ ನಿವೃತ್ತ ಶಿಕ್ಷಕರು ಅನೇಕರಿದ್ದೀರಿ, ಕಾರ್ಯಕ್ರಮ ಮುಗಿದ ಮೇಲೆ ನಿಮ್ಮ ಹೆಸರನ್ನು ಕಾರ್ಯದರ್ಶಿಗಳಿಗೆ ಕೊಟ್ಟು ಹೋಗಬೇಕೆಂದು ಕೋರುತ್ತೇನೆ. ಈ ಸಲದ ಪ್ರಬಂಧಗಳಲ್ಲಿಯೂ, ಬಹುಮಾನ ಬಂದಿರಲಿ ಬಿಡಲಿ, ಪ್ರತಿಯೊಂದರ ಅಂಚಿನಲ್ಲಿ ಒಂದು ಪ್ರಶ್ನೆಯನ್ನು ಬರೆದಿದ್ದೇನೆ. ಹಾಳೆಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ಮಕ್ಕಳು ಮರೆಯದೆ ತೆಗೆದುಕೊಂಡು ಹೋಗಲಿ. ಉತ್ತರ ಬರೆದು ಸಂಘದ ವಿಳಾಸಕ್ಕೆ ಕಳುಹಿಸಿದರೆ ನಾನು ಖಂಡಿತ ಓದುತ್ತೇನೆ.

ಎಲ್ಲರಿಗೂ ನಮಸ್ಕಾರ.