ಹದಿಮೂರು ರೂಪಾಯಿ ಮತ್ತು ಒಂದು ತಂತಿ

ಎಲ್ಲರಿಗೂ ನಮಸ್ಕಾರ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಪ್ರಧಾನಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ಬಿಟ್ಟುಹೋದ ವಸ್ತುಗಳನ್ನು ಕುರಿತು ಮಾತಾಡಬೇಕಾಗಿದೆ. ಲಂಡನ್ನಿಗೆ ಹೋಗುವ ಮುಂಚೆ ನಮ್ಮ ರೆಸಿಡೆನ್ಸಿ ರಸ್ತೆಯಿಂದಲೇ ಶುರು ಮಾಡೋಣ.

ಅಲ್ಲಿನ ಬೆಂಗಳೂರು ಕ್ಲಬ್ಬಿನಲ್ಲಿ ಒಂದು ಹಳೆಯ ದಾಖಲೆ ಪುಸ್ತಕ ಇದೆ. 1899ರ ಜೂನ್ ತಿಂಗಳಲ್ಲಿ, ವಸೂಲಾಗದ ಬಾಕಿ ಎಂದು ಕೈಬಿಟ್ಟ ಹೆಸರುಗಳ ನಡುವೆ ಲೆಫ್ಟಿನೆಂಟ್ ಡಬ್ಲ್ಯು. ಎಲ್. ಎಸ್. ಚರ್ಚಿಲ್ ಎಂಬ ಹೆಸರಿದೆ. ಮೊತ್ತ 13 ರೂಪಾಯಿ. ಆ ಬಾಕಿಯನ್ನು ತಾವು ಕಟ್ಟುತ್ತೇವೆಂದು ಮುಂದೆ ಬಂದವರಿದ್ದಾರೆ, ಕ್ಲಬ್ಬಿನವರು ಒಪ್ಪಿಲ್ಲ. ಒಪ್ಪದಿದ್ದದ್ದೇ ಒಳ್ಳೆಯದಾಯಿತು, ಪುಟ ಇದ್ದ ಹಾಗೇ ಉಳಿಯಿತು.

1896ರಲ್ಲಿ ನಾಲ್ಕನೇ ಹುಸಾರ್ಸ್ ಎಂಬ ಕುದುರೆ ದಳದ ಜೊತೆ ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂದಾಗ ಅವರಿಗೆ ಇನ್ನೂ 22 ತುಂಬಿರಲಿಲ್ಲ. ಮುಂಬಯಿಯಲ್ಲಿ ದೋಣಿಯಿಂದ ಇಳಿಯುವಾಗ ದಡದ ಗೋಡೆಯ ಕಬ್ಬಿಣದ ಬಳೆ ಹಿಡಿದು ಜಗ್ಗಿ ಬಲಭುಜದ ಕೀಲು ತಪ್ಪಿಸಿಕೊಂಡಿದ್ದರು. ಆ ನೋವು ಜೀವನವಿಡೀ ಹೋಗಲಿಲ್ಲ. 1898ರಲ್ಲಿ ಸೂಡಾನಿನ ಓಮ್‌ಡರ್ಮನ್ ಕದನದಲ್ಲಿ ಅವರು ಕತ್ತಿ ಬಿಟ್ಟು ಮೌಸರ್ ಪಿಸ್ತೂಲು ಹಿಡಿದದ್ದು ಇದೇ ಭುಜದ ದೆಸೆಯಿಂದ. ಬೆಂಗಳೂರಿನ ಬಂಗಲೆಯಲ್ಲಿ ಗುಲಾಬಿ ಬೆಳೆಸಿದರು, ಚಿಟ್ಟೆ ಹಿಡಿದು ಜೋಡಿಸಿಟ್ಟರು. ಆ ಸಂಗ್ರಹವನ್ನು ಇಲಿ ತಿಂದು ಹಾಕಿತು.

ನನಗೆ ಇದೆಲ್ಲಕ್ಕಿಂತ ಮುಖ್ಯವೆನಿಸುವುದು ಅವರ ಮಧ್ಯಾಹ್ನಗಳು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಹುಡುಗ, ಬೆಳಗಿನ ಕವಾಯತಿಗೂ ಸಂಜೆಯ ಪೋಲೋಗೂ ನಡುವಿನ ಬಿಸಿಲಿನಲ್ಲಿ, ತಾಯಿ ಇಂಗ್ಲೆಂಡಿನಿಂದ ಕಳಿಸಿದ ಇತಿಹಾಸಕಾರರಾದ ಗಿಬ್ಬನ್, ಮೆಕಾಲೆ, ತತ್ವಜ್ಞಾನಿ ಪ್ಲೇಟೋ ಇವರ ಪುಸ್ತಕಗಳನ್ನು ಓದಿದರು. ವಾಯವ್ಯ ಗಡಿಯ ಯುದ್ಧ ನೋಡಿ ಬಂದು ತಮ್ಮ ಮೊದಲ ಪುಸ್ತಕ ಬರೆದದ್ದೂ ಇಲ್ಲೇ. 1953ರಲ್ಲಿ ಸಾಹಿತ್ಯದ ನೊಬೆಲ್ ಪಡೆದವರ ಗದ್ಯ ನಮ್ಮ ಊರಿನಲ್ಲಿ ಹದಗೊಂಡಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಇನ್ನು ಯುದ್ಧಕಾಲಕ್ಕೆ ಬರೋಣ. 1941ರ ಡಿಸೆಂಬರ್ 30, ಕೆನಡಾದ ಸಂಸತ್ತಿನಲ್ಲಿ ಭಾಷಣ ಮುಗಿದಿದೆ. ಛಾಯಾಗ್ರಾಹಕ ಯೂಸುಫ್ ಕಾರ್ಷ್ ಕ್ಯಾಮೆರಾ ಸಜ್ಜುಮಾಡಿ ಕಾದಿದ್ದಾರೆ, ಚರ್ಚಿಲ್ ಬಾಯಿಂದ ಚುಟ್ಟಾ ತೆಗೆಯುತ್ತಿಲ್ಲ. ಕಾರ್ಷ್ ಹತ್ತಿರ ಹೋಗಿ, ಕ್ಷಮಿಸಿ ಎಂದು, ಅದನ್ನು ಕಿತ್ತುಕೊಂಡೇ ಬಿಟ್ಟರು. ಆ ಕ್ಷಣದ ಸಿಟ್ಟೇ ಜಗತ್ತು ನೋಡಿದ ಸಿಂಹದ ಮುಖ. ಒಟ್ಟಾವದ ಹೋಟೆಲೊಂದರಲ್ಲಿ ತೂಗುಹಾಕಿದ್ದ ಅದರ ಮೂಲ ಪ್ರತಿ ಕಳುವಾಗಿ, ಬದಲಿಗೆ ನಕಲಿ ಇಟ್ಟದ್ದು 2022ರಲ್ಲಿ ಗೊತ್ತಾಯಿತು. 2024ರಲ್ಲಿ ಅದು ಇಟಲಿಯಲ್ಲಿ ಸಿಕ್ಕಿತು.

ಲಂಡನ್ನಿನ ವೈಟ್‌ಹಾಲ್ ನೆಲಮಾಳಿಗೆಯ ಯುದ್ಧ ಕೊಠಡಿಗಳನ್ನು 1984ರಿಂದ ಜನ ನೋಡುತ್ತಿದ್ದಾರೆ. ಅಲ್ಲಿ ಅವರ ಕುರ್ಚಿಯ ಕೈಗಳ ಮೇಲೆ ಉಗುರಿನಿಂದ, ಉಂಗುರದಿಂದ ಕೆರೆದ ಗುರುತುಗಳಿವೆ. ಹೊರಗೆ ಧೀರನಂತೆ ಗುಡುಗಿದವರು ಒಳಗೆ ಎಷ್ಟು ತಳಮಳಿಸಿದ್ದರು ಎಂಬುದನ್ನು ಆ ಮರ ಹೇಳುತ್ತದೆ. ಹಿಟ್ಲರನ ಎದುರು ನಿಂತ ಆ ಛಲಕ್ಕೆ ನಾನು ತಲೆಬಾಗುತ್ತೇನೆ.

ಆದರೆ ಚುಟ್ಟಾ, ಟೋಪಿ, ಕುರ್ಚಿ ನೋಡಿ ಮೆಚ್ಚುವಾಗ ನಾವು ಭಾರತೀಯರು ಇನ್ನೊಂದು ಕಾಗದವನ್ನೂ ಓದಲೇಬೇಕು. 1943ರ ಬಂಗಾಳದ ಬರದಲ್ಲಿ ಸತ್ತವರು ಸುಮಾರು 30 ಲಕ್ಷ. ಯುದ್ಧ, ಬರ್ಮಾದ ಅಕ್ಕಿ ನಿಂತದ್ದು, ಚಂಡಮಾರುತ, ಬೆಲೆಯೇರಿಕೆ ಎಲ್ಲ ಸೇರಿ ಆದ ಅನಾಹುತ ಅದು. ಒಬ್ಬರ ಮೇಲೆ ಹೊರಿಸಿ ಮುಗಿಸುವಂಥದ್ದಲ್ಲ. ಆದರೂ ದೆಹಲಿಯಿಂದ ಧಾನ್ಯಕ್ಕೆ ಹಡಗು ಬೇಕೆಂದು ಮೊರೆ ಹೋದಾಗ ಚರ್ಚಿಲ್ ಸಂಪುಟ ಕೊಟ್ಟದ್ದು ಕೇಳಿದ್ದಕ್ಕಿಂತ ಬಹಳ ಕಡಿಮೆ, ಅದೂ ತಡವಾಗಿ.

ಅವರೇ ನೇಮಿಸಿದ ವೈಸರಾಯ್ ವೇವೆಲ್ 1944ರ ಜುಲೈನಲ್ಲಿ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ: ಗಾಂಧಿ ಇನ್ನೂ ಯಾಕೆ ಸತ್ತಿಲ್ಲ ಎಂದು ಸಿಡುಕಿ ಪ್ರಧಾನಿಗಳಿಂದ ತಂತಿ ಬಂದಿದೆ. ಆಹಾರದ ಬಗ್ಗೆ ತಾನು ಕಳಿಸಿದ ತಂತಿಗೆ ಮಾತ್ರ ಅವರು ಉತ್ತರವನ್ನೇ ಕೊಟ್ಟಿಲ್ಲ.